ಲಸಿಕೆಯನ್ನು ನಿರಾಕರಿಸುವುದು ಅಹಿಂಸೆಯಲ್ಲ

ಅಹಿಂಸೆಯನ್ನೇ ಧರ್ಮದ ಪ್ರಾಣವೆಂದು ನಂಬಿದ ಸಮಾಜದಲ್ಲಿ ಅಹಿಂಸೆಯ ಹೆಸರಿನಿಂದಲೇ ಹಿಂಸೆ ನಡೆಯತೊಡಗಿದರೆ, ಅದನ್ನು ಎತ್ತಿ ಹೇಳುವುದು ಪ್ರತಿಯೊಬ್ಬ ಶ್ರಾವಕನ ಕರ್ತವ್ಯವಾಗುತ್ತದೆ. ಇತ್ತೀಚಿನ ವರ್ಷಗಳಲ್ಲಿ ನಮ್ಮವರಲ್ಲಿ ಕೆಲವರು, ಅದರಲ್ಲಿಯೂ ಓದುಬರಹ ಬಲ್ಲ ಅನುಕೂಲಸ್ಥರು, ಮಕ್ಕಳಿಗೆ ಲಸಿಕೆ ಹಾಕಿಸಲು ಹಿಂಜರಿಯುತ್ತಿದ್ದಾರೆ. 2021ರಲ್ಲಿ ಕೋವಿಡ್ ಲಸಿಕೆ ಬಂದಾಗ ಗುಸುಗುಸು ಮಾತಾಗಿ ಆರಂಭವಾದುದು ಈಗ ದಡಾರ, ಪೋಲಿಯೊ ಲಸಿಕೆಗಳವರೆಗೂ ಹಬ್ಬಿದೆ. ಬಡವನಾದವನು ಆರೋಗ್ಯ ಕೇಂದ್ರ ದೂರವೆಂಬ ಕಾರಣಕ್ಕೆ ಲಸಿಕೆ ತಪ್ಪಿಸಿದರೆ ಅದು ಅವನ ಕಷ್ಟ. ಆದರೆ ಎಲ್ಲ ಅನುಕೂಲವಿದ್ದೂ ಧರ್ಮದ ಕಾರಣ ಹೇಳಿ ತಪ್ಪಿಸುವವರೊಡನೆ ಧರ್ಮದ ಭಾಷೆಯಲ್ಲಿಯೇ ವಾದ ಮಾಡಬೇಕಾಗುತ್ತದೆ.

ಅವರು ಮುಂದಿಡುವ ಕಾರಣಗಳು ನಾಲ್ಕು. ಜಗತ್ತಿನ ಎಲ್ಲ ಧರ್ಮಗಳೂ ಲಸಿಕೆಯನ್ನು ವಿರೋಧಿಸಿವೆ ಎಂಬುದು ಮೊದಲನೆಯದು. ರೋಗವು ಅಸಾತಾವೇದನೀಯ ಕರ್ಮದ ಉದಯ, ಅದನ್ನು ಸಹಿಸಬೇಕೇ ಹೊರತು ತಡೆಯಬಾರದು ಎಂಬುದು ಎರಡನೆಯದು. ಲಸಿಕೆಯಿಂದ ಸೂಕ್ಷ್ಮಜೀವಿಗಳ ಘಾತವಾಗುತ್ತದೆ ಎಂಬುದು ಮೂರನೆಯದು. ಲಸಿಕೆಯ ತಯಾರಿಕೆಯಲ್ಲಿ ಪ್ರಾಣಿಗಳ ಅಂಗಾಂಶವಿದೆ ಎಂಬುದು ನಾಲ್ಕನೆಯದು. ಇವುಗಳಲ್ಲಿ ಮೊದಲ ಮೂರು ನಿಲ್ಲುವ ವಾದಗಳಲ್ಲ. ನಾಲ್ಕನೆಯದು ಮಾತ್ರ ಗಂಭೀರವಾದುದು. ಅದಕ್ಕೆ ಉತ್ತರವೂ ಗಂಭೀರವಾಗಿಯೇ ಇರಬೇಕು.

ಅನ್ಯಧರ್ಮಗಳ ನಿಲುವು

ಲಸಿಕೆ ಎಂಬುದು ಯಾವ ಧರ್ಮದ ಮೂಲಗ್ರಂಥದಲ್ಲಿಯೂ ಇಲ್ಲ, ಇರಲು ಸಾಧ್ಯವೂ ಇಲ್ಲ. ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರನು ಹಸುವಿನ ಸಿಡುಬಿನ ಕೀವನ್ನು ಒಬ್ಬ ಬಾಲಕನ ತೋಳಿಗೆ ಹಾಕಿ ಪರೀಕ್ಷಿಸಿದ್ದು 1796ರಲ್ಲಿ. ಅದಕ್ಕೂ ಹಿಂದೆ ಸಿಡುಬಿನ ಸೋಂಕನ್ನೇ ಆರೋಗ್ಯವಂತರಿಗೆ ತಗುಲಿಸುವ ಪದ್ಧತಿ ತುರ್ಕಿ, ಚೀನಾ ಮತ್ತು ನಮ್ಮ ಬಂಗಾಳದಲ್ಲಿ ರೂಢಿಯಲ್ಲಿತ್ತು. 1721ರಲ್ಲಿ ಅಮೆರಿಕದ ಬೋಸ್ಟನ್ ನಗರದಲ್ಲಿ ಈ ಪದ್ಧತಿಯನ್ನು ಬೆಂಬಲಿಸಿದವನು ಕಾಟನ್ ಮೇಥರ್ ಎಂಬ ಕ್ರೈಸ್ತ ಪಾದ್ರಿ. ಅವನಿಗೆ ಅದನ್ನು ತಿಳಿಸಿದವನು ಆಫ್ರಿಕದಿಂದ ತರಲ್ಪಟ್ಟ ಒನೆಸಿಮಸ್ ಎಂಬ ಗುಲಾಮ. ಮರುವರ್ಷ, ಅಂದರೆ 1722ರಲ್ಲಿ, ಲಂಡನ್ನಿನ ಎಡ್ಮಂಡ್ ಮ್ಯಾಸಿ ಎಂಬ ಇನ್ನೊಬ್ಬ ಕ್ರೈಸ್ತ ಪಾದ್ರಿಯು ರೋಗವು ದೇವರು ಕಳುಹಿಸುವ ಪರೀಕ್ಷೆ ಅಥವಾ ಶಿಕ್ಷೆ, ಅದಕ್ಕೆ ಅಡ್ಡಬರುವುದು ಪಾಪ ಎಂದು ಉಪದೇಶ ಮಾಡಿದನು. ಒಂದೇ ಧರ್ಮ, ಒಂದೇ ಗ್ರಂಥ. ನಿಲುವು ಮಾತ್ರ ಎರಡು. ಇದನ್ನು ಧರ್ಮದ ವಿರೋಧವೆನ್ನುವುದೋ ವ್ಯಕ್ತಿಯ ವಿರೋಧವೆನ್ನುವುದೋ?

ದೈವಸಂಕಲ್ಪದ ವಾದವು ಕೆಲವು ಚಿಕ್ಕ ಪಂಗಡಗಳಲ್ಲಿ ಇಂದಿಗೂ ಉಳಿದಿದೆ. ನೆದರ್‌ಲ್ಯಾಂಡ್ಸಿನ ಸಂಪ್ರದಾಯನಿಷ್ಠ ಪ್ರಾಟೆಸ್ಟಂಟ್ ಕುಟುಂಬಗಳಲ್ಲಿ ಹಲವರು ಲಸಿಕೆಯನ್ನು ಒಪ್ಪುವುದಿಲ್ಲ. 1992-93ರಲ್ಲಿ ಪೋಲಿಯೊ ಆ ಪಂಗಡವನ್ನೇ ಹುಡುಕಿಕೊಂಡು ಬಂದಿತು. 71 ಮಂದಿ ರೋಗಕ್ಕೆ ತುತ್ತಾಗಿ ಇಬ್ಬರು ಮರಣಹೊಂದಿದರು. ಪ್ರಾರ್ಥನೆಯಿಂದಲೇ ರೋಗ ನಿವಾರಣೆಯೆಂದು ನಂಬುವ ಕ್ರಿಶ್ಚಿಯನ್ ಸೈನ್ಸ್ ಪಂಥದವರ ಪ್ರಿನ್ಸಿಪಿಯಾ ಕಾಲೇಜಿನಲ್ಲಿ 1985ರಲ್ಲಿ ದಡಾರ ಹರಡಿ ಮೂವರು ಸತ್ತರು. ಇದು ಅಮೆರಿಕದಂತಹ ಶ್ರೀಮಂತ ದೇಶದಲ್ಲಿ ನಡೆದುದೆಂಬುದನ್ನು ಗಮನಿಸಬೇಕು.

ರೋಮನ್ ಕ್ಯಾಥೊಲಿಕರ ಸಂದೇಹ ಬೇರೆ ಬಗೆಯದು. ರುಬೆಲ್ಲಾ ಮೊದಲಾದ ಕೆಲವು ಲಸಿಕೆಗಳ ವೈರಸ್ಸನ್ನು ಬೆಳೆಸುವ ಜೀವಕೋಶಗಳ ಮೂಲವು 1960ರ ದಶಕದಲ್ಲಿ ಗರ್ಭಪಾತವಾದ ಭ್ರೂಣಗಳಲ್ಲಿದೆ. ಗರ್ಭಪಾತವನ್ನು ಮಹಾಪಾಪವೆನ್ನುವ ಚರ್ಚು ಈ ಲಸಿಕೆಯನ್ನು ಒಪ್ಪಬಹುದೇ? ವ್ಯಾಟಿಕನ್ನಿನ ಪಂಡಿತಮಂಡಲಿಯು 2005ರಲ್ಲಿಯೂ, ಕೋವಿಡ್ ಸಂದರ್ಭದಲ್ಲಿ 2020ರ ಡಿಸೆಂಬರಿನಲ್ಲಿಯೂ ಇದನ್ನು ವಿಚಾರಿಸಿತು. ಬೇರೆ ಲಸಿಕೆ ದೊರೆಯದಿರುವಾಗ ಇದನ್ನು ಹಾಕಿಸಿಕೊಳ್ಳಬಹುದು, ಆದರೆ ಮೂಲದ ಪಾಪವನ್ನು ಒಪ್ಪಿದಂತಲ್ಲ, ನಿರ್ದೋಷವಾದ ಲಸಿಕೆಗಾಗಿ ಒತ್ತಾಯಿಸುತ್ತಲೇ ಇರಬೇಕು ಎಂಬುದು ಅದರ ತೀರ್ಮಾನದ ಸಾರ. ಈ ಕೊನೆಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದರ ಅಗತ್ಯ ಬೀಳಲಿದೆ.

ಯಹೂದ್ಯರಲ್ಲಿ ಪ್ರಾಣರಕ್ಷಣೆಗಾಗಿ ಸಬ್ಬತ್ ದಿನದ ನಿಯಮವನ್ನೂ ಮುರಿಯಬಹುದೆಂಬ ವಿಧಿಯಿದೆ. ಅವರ ಧರ್ಮಶಾಸ್ತ್ರಜ್ಞರಲ್ಲಿ ಬಹುಪಾಲು ಜನ ಲಸಿಕೆಯ ಪರವಾಗಿಯೇ ನಿಂತಿದ್ದಾರೆ. ಆದರೂ 2018-19ರಲ್ಲಿ ನ್ಯೂಯಾರ್ಕಿನ ಸಂಪ್ರದಾಯಸ್ಥ ಯಹೂದ್ಯರ ಕೇರಿಗಳಲ್ಲಿ ದಡಾರ ಹಬ್ಬಿತು. ಪರಿಣಾಮವಾಗಿ ಶಾಲಾ ಮಕ್ಕಳಿಗೆ ಧರ್ಮದ ಕಾರಣದಿಂದ ಇದ್ದ ರಿಯಾಯಿತಿಯನ್ನು ಆ ರಾಜ್ಯವು 2019ರ ಜೂನ್ ತಿಂಗಳಲ್ಲಿ ರದ್ದುಮಾಡಿತು.

ಮುಸಲ್ಮಾನರ ವಿಷಯದಲ್ಲಿ ನಮ್ಮವರು ಬಹಳ ತಪ್ಪು ತಿಳಿದಿದ್ದಾರೆ. 2003ರಲ್ಲಿ ನೈಜೀರಿಯದ ಕಾನೊ ಪ್ರಾಂತದಲ್ಲಿ ಪೋಲಿಯೊ ಲಸಿಕೆಯನ್ನು ನಿಲ್ಲಿಸಲಾಯಿತು, ನಿಜ. ಆದರೆ ಅಲ್ಲಿದ್ದುದು ಕುರಾನಿನ ನಿಷೇಧವಲ್ಲ. ಪಾಶ್ಚಾತ್ಯರು ಲಸಿಕೆಯ ಮೂಲಕ ತಮ್ಮ ಸಂತಾನವನ್ನು ಕುಗ್ಗಿಸುತ್ತಾರೆಂಬ ಶಂಕೆ. 2004ರಲ್ಲಿ ಮುಸ್ಲಿಂ ಬಾಹುಳ್ಯದ ಇಂಡೊನೇಷ್ಯದಲ್ಲಿ ತಯಾರಾದ ಲಸಿಕೆಯನ್ನು ತರಿಸಿದ ಮೇಲೆ ಕಾರ್ಯ ಮತ್ತೆ ಆರಂಭವಾಯಿತು. ಪಶ್ಚಿಮ ಉತ್ತರಪ್ರದೇಶದಲ್ಲಿಯೂ ಇದೇ ಶಂಕೆಯಿತ್ತು. ಅದನ್ನು ಕಳೆದವರು ಮಸೀದಿಗಳಿಂದ ಕರೆಕೊಟ್ಟ ಇಮಾಮರು ಮತ್ತು ಮನೆಮನೆಗೆ ತಿರುಗಿದ ಕಾರ್ಯಕರ್ತೆಯರು. 2009ರಲ್ಲಿ 741 ಪೋಲಿಯೊ ಪ್ರಕರಣಗಳಿದ್ದ ಭಾರತದಲ್ಲಿ 2011ರಲ್ಲಿ ಕಂಡುಬಂದುದು ಒಂದೇ ಒಂದು, ಅದೇ ಕೊನೆಯದಾಯಿತು. 2018ರಲ್ಲಿ ಇಂಡೊನೇಷ್ಯದ ಉಲೇಮಾ ಪರಿಷತ್ತಿನ ಮುಂದೆ ದಡಾರ-ರುಬೆಲ್ಲಾ ಲಸಿಕೆಯ ಪ್ರಶ್ನೆ ಬಂದಿತು. ಅದು ನಮ್ಮ ಪುಣೆಯ ಸೀರಂ ಇನ್‌ಸ್ಟಿಟ್ಯೂಟಿನ ಲಸಿಕೆ; ತಯಾರಿಕೆಯಲ್ಲಿ ಹಂದಿಯಿಂದ ಬಂದ ವಸ್ತುವಿನ ಬಳಕೆಯಿತ್ತು. ಪರಿಷತ್ತು ಅದನ್ನು ನಿಷಿದ್ಧವೆಂದೇ ಹೇಳಿತು. ಆದರೆ ಬೇರೆ ಲಸಿಕೆ ಇಲ್ಲವಾದ್ದರಿಂದ ಅನಿವಾರ್ಯತೆಯ ನಿಯಮದ ಮೇರೆಗೆ ಬಳಸಬಹುದೆಂದೂ ಹೇಳಿತು.

ಬೌದ್ಧರ ದಲೈ ಲಾಮಾ ಅವರು 2021ರ ಮಾರ್ಚ್ 6ರಂದು ಧರ್ಮಶಾಲಾದ ಆಸ್ಪತ್ರೆಯಲ್ಲಿ ಬಹಿರಂಗವಾಗಿಯೇ ಕೋವಿಡ್ ಲಸಿಕೆ ಹಾಕಿಸಿಕೊಂಡು ಇತರರಿಗೂ ಹಾಗೆ ಮಾಡಲು ಹೇಳಿದರು. ಹಿಂದೂಗಳಲ್ಲಿ ಸಿಡುಬು ಉತ್ತರದಲ್ಲಿ ಶೀತಲಾದೇವಿಯ, ನಮ್ಮ ಕಡೆ ಮಾರಮ್ಮನ ಆಟವೆಂಬ ನಂಬಿಕೆಯಿತ್ತು. ಆದರೂ ಜೆನ್ನರನ ಲಸಿಕೆ ಭಾರತಕ್ಕೆ ಬಂದ 1802ರಿಂದ ಕೆಲವೇ ವರ್ಷಗಳಲ್ಲಿ ಮೈಸೂರಿನ ಅರಮನೆ ಅದನ್ನು ಸ್ವೀಕರಿಸಿತು. ಥಾಮಸ್ ಹಿಕಿ ಎಂಬ ಚಿತ್ರಕಾರನು 1805ರ ಸುಮಾರಿಗೆ ಬರೆದ ಮೂವರು ರಾಜಸ್ತ್ರೀಯರ ಚಿತ್ರವೊಂದಿದೆ. ಅದು ಮೈಸೂರಿನ ರಾಣಿಯರ ಚಿತ್ರವೆಂದೂ, ಲಸಿಕೆಯ ಪ್ರಚಾರಕ್ಕಾಗಿ ಬರೆಸಿದುದೆಂದೂ ಇತಿಹಾಸಜ್ಞರು ಗುರುತಿಸಿದ್ದಾರೆ. ನಮ್ಮ ಅಜ್ಜಿಯರು ಲಸಿಕೆಯನ್ನೇ 'ದೇವಿ ಹಾಕಿಸುವುದು' ಎಂದು ಕರೆದು ಆ ದೇವಿಗೂ ಲಸಿಕೆಗೂ ಜಗಳವಿಲ್ಲದಂತೆ ಮಾಡಿದ್ದರು.

ಇಲ್ಲಿ ವಿರೋಧಿಗಳು ಗಾಂಧೀಜಿಯವರ ಹೆಸರನ್ನು ಎತ್ತುತ್ತಾರೆ. ಗಾಂಧೀಜಿ ಸಿಡುಬಿನ ಲಸಿಕೆಯನ್ನು ಕೊಳಕು ಚಿಕಿತ್ಸೆಯೆಂದೂ ಧರ್ಮಕ್ಕೆ ವಿರುದ್ಧವೆಂದೂ ಬರೆದುದು ನಿಜ. ಶ್ರೀಮದ್ ರಾಜಚಂದ್ರರ ಪ್ರಭಾವದಿಂದ ಅವರು ನಮ್ಮ ವಿಚಾರಗಳಿಗೆ ಎಷ್ಟು ಹತ್ತಿರವಾಗಿದ್ದರೆಂಬುದೂ ಎಲ್ಲರಿಗೂ ತಿಳಿದುದೇ. ಆದರೆ ಅದೇ ಗಾಂಧೀಜಿ 1924ರ ಜನವರಿಯಲ್ಲಿ ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ಅಪೆಂಡಿಸೈಟಿಸ್ ಶಸ್ತ್ರಚಿಕಿತ್ಸೆಯನ್ನು ಮಾಡಿಸಿಕೊಂಡರು. ಅವರು ಬಿಟ್ಟುಹೋದ ದೇಶದಲ್ಲಿ ಸಿಡುಬನ್ನು ಅಳಿಸಿದುದು ಪ್ರಕೃತಿ ಚಿಕಿತ್ಸೆಯಲ್ಲ, ಲಸಿಕೆ. 1975ರ ಮೇ ತಿಂಗಳ ನಂತರ ಭಾರತದಲ್ಲಿ ಸಿಡುಬು ಕಾಣಲಿಲ್ಲ. 1980ರ ಮೇ 8ರಂದು ಜಗತ್ತೇ ಸಿಡುಬಿನಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಹಾಸಭೆ ಘೋಷಿಸಿತು. ಮಹಾಪುರುಷರನ್ನು ಗೌರವಿಸುವುದೆಂದರೆ ಅವರ ಪ್ರತಿಯೊಂದು ಅಭಿಪ್ರಾಯವನ್ನೂ ಆಗಮವಾಗಿ ಸ್ವೀಕರಿಸುವುದಲ್ಲ.

ಈ ಎಲ್ಲ ಸಂಗತಿಗಳಿಂದ ತಿಳಿಯುವುದಿಷ್ಟು. ಧರ್ಮದ ಹೆಸರಿನ ವಿರೋಧದ ಹಿಂದೆ ಇರುವುದು ಮೂರೇ ವಿಷಯಗಳು: ದೈವಸಂಕಲ್ಪಕ್ಕೆ ಅಡ್ಡಬರಬಾರದೆಂಬ ಭಾವನೆ, ವಸ್ತುವಿನ ಅಶುದ್ಧಿ, ಮತ್ತು ಆಳುವವರ ಮೇಲಿನ ಅಪನಂಬಿಕೆ. ಮೂರರಲ್ಲಿಯೂ ಆಯಾ ಧರ್ಮದ ಬಹುಪಾಲು ಶಾಸ್ತ್ರಜ್ಞರು ವಿಚಾರಮಾಡಿ ಕೊನೆಗೆ ಲಸಿಕೆಗೆ ಬಾಗಿಲು ತೆರೆದಿದ್ದಾರೆ. ಆದ್ದರಿಂದ ಎಲ್ಲ ಧರ್ಮಗಳೂ ವಿರೋಧಿಸಿವೆ ಎಂಬ ಮಾತು ಸುಳ್ಳು.

ಕರ್ಮೋದಯದ ನೆಪ

ಎರಡನೆಯ ವಾದಕ್ಕೆ ಬರೋಣ. ಸೃಷ್ಟಿಕರ್ತನಾದ ದೇವರನ್ನು ಒಪ್ಪದ ನಾವು, ದೈವಸಂಕಲ್ಪದ ಜಾಗದಲ್ಲಿ ಕರ್ಮವನ್ನು ತಂದು ಕೂರಿಸಿ, ಎಡ್ಮಂಡ್ ಮ್ಯಾಸಿಯ ಮಾತನ್ನೇ ಆಡುತ್ತಿದ್ದೇವೆ. ಕರ್ಮಸಿದ್ಧಾಂತವನ್ನು ಇದಕ್ಕಿಂತ ಹೆಚ್ಚಾಗಿ ಅವಮಾನಿಸಲು ಸಾಧ್ಯವಿಲ್ಲ. ಕರ್ಮದ ಉದಯಕ್ಕೂ ದ್ರವ್ಯ, ಕ್ಷೇತ್ರ, ಕಾಲ, ಭಾವಗಳ ನಿಮಿತ್ತ ಬೇಕೆಂದು ನಮ್ಮ ಶಾಸ್ತ್ರ ಹೇಳುತ್ತದೆ. ಪುರುಷಾರ್ಥಕ್ಕೆ ಸ್ಥಾನವಿಲ್ಲದಿದ್ದರೆ ಮೋಕ್ಷಮಾರ್ಗವೇ ಇಲ್ಲವಾಗುತ್ತಿತ್ತು.

ಸ್ವಾಮಿ ಸಮಂತಭದ್ರಾಚಾರ್ಯರ ಕಥೆಯನ್ನು ನಮ್ಮ ಮಕ್ಕಳೂ ಬಲ್ಲರು. ಭಸ್ಮಕ ವ್ಯಾಧಿಯಿಂದ ಪೀಡಿತರಾದ ಅವರು ಸಲ್ಲೇಖನಕ್ಕೆ ಅನುಮತಿ ಬೇಡಿದಾಗ ಗುರುಗಳು ಕೊಡಲಿಲ್ಲ. ಇವರಿಂದ ಧರ್ಮಪ್ರಭಾವನೆ ಆಗಬೇಕಾಗಿದೆ ಎಂದು ತಿಳಿದು, ಮುನಿದೀಕ್ಷೆಯನ್ನು ಬಿಟ್ಟಾದರೂ ರೋಗವನ್ನು ಶಮನಮಾಡಿಕೊಂಡು ಪುನಃ ದೀಕ್ಷೆ ಪಡೆಯುವಂತೆ ಆಜ್ಞಾಪಿಸಿದರು. ಮುನಿಗೇ ಈ ಆಜ್ಞೆಯಾದರೆ ಗೃಹಸ್ಥನ ಪಾಡೇನು? ಇದೇ ಆಚಾರ್ಯರು ತಮ್ಮ ರತ್ನಕರಂಡಕ ಶ್ರಾವಕಾಚಾರದಲ್ಲಿ ಸಲ್ಲೇಖನಕ್ಕೆ ಯೋಗ್ಯವಾದ ಸಂದರ್ಭಗಳನ್ನು ಎಣಿಸುವಾಗ, ರೋಗವು ಪ್ರತೀಕಾರವಿಲ್ಲದುದಾಗಿರಬೇಕೆಂಬ ನಿಯಮವನ್ನು ಇಟ್ಟಿದ್ದಾರೆ. ಪ್ರತೀಕಾರವಿದ್ದೂ ಅದನ್ನು ಮಾಡದೆ ದೇಹವನ್ನು ಬಿಡುವುದಕ್ಕೆ ನಮ್ಮಲ್ಲಿ ಸಲ್ಲೇಖನವೆಂಬ ಹೆಸರಿಲ್ಲ. ತಾನೇ ಬಿಡುವಂತಿಲ್ಲವೆಂದಮೇಲೆ, ಮಾತು ಬಾರದ ಕೂಸಿನ ದೇಹವನ್ನು ಅದರ ಪರವಾಗಿ ಪಣಕ್ಕಿಡುವ ಅಧಿಕಾರ ತಂದೆತಾಯಿಗೆ ಎಲ್ಲಿಂದ ಬಂತು?

ನಮ್ಮ ತತ್ತ್ವಗಳ ಕ್ರಮವನ್ನೇ ನೋಡಿ. ಆಸ್ರವ, ಬಂಧಗಳಾದ ಮೇಲೆ ಸಂವರ, ಆಮೇಲೆ ನಿರ್ಜರೆ. ಒಳಬಂದುದನ್ನು ಕಳೆಯುವ ಮೊದಲು ಬರುವ ಬಾಗಿಲನ್ನು ಮುಚ್ಚಬೇಕು. ಗಾಳಿಸಿದ ನೀರನ್ನೇ ಕುಡಿಯುವುದು, ರಾತ್ರಿಭೋಜನವನ್ನು ಬಿಡುವುದು ಇವೆಲ್ಲ ಬಾಗಿಲಲ್ಲಿಯೇ ತಡೆಯುವ ಯತ್ನಾಚಾರಗಳು. ದೇಹದ ಮಟ್ಟದಲ್ಲಿ ಲಸಿಕೆಯೂ ಅದೇ ಜಾತಿಗೆ ಸೇರಿದ ಎಚ್ಚರ. ಜ್ವರ ಬಂದಾಗ ಮಾತ್ರೆ ನುಂಗಲು ಕರ್ಮಸಿದ್ಧಾಂತ ಅಡ್ಡಬರುವುದಿಲ್ಲ, ರಕ್ತದೊತ್ತಡಕ್ಕೆ ಅಡ್ಡಬರುವುದಿಲ್ಲ, ಹೃದಯಕ್ಕೆ ಸ್ಟೆಂಟ್ ಹಾಕಿಸುವಾಗ ಅಡ್ಡಬರುವುದಿಲ್ಲ. ಮಗುವಿನ ಲಸಿಕೆಗೆ ಮಾತ್ರ ಅಡ್ಡಬರುತ್ತದೆಂದರೆ ಅದು ಸಿದ್ಧಾಂತವಲ್ಲ, ನೆಪ.

ಸೂಕ್ಷ್ಮಜೀವಿಗಳ ಪ್ರಶ್ನೆ

ಮೂರನೆಯ ವಾದ ಕೇಳಲು ಬಹಳ ಜೈನವಾಗಿದೆ. ಆದರೆ ನಮ್ಮ ಆಚಾರ್ಯರು ಜೀವಗಳನ್ನು ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗೆ ವಿಂಗಡಿಸಿದ್ದು ಏಕೆ? ಗೃಹಸ್ಥನ ಅಣುವ್ರತವು ತ್ರಸಜೀವಗಳ ಸಂಕಲ್ಪೀ ಹಿಂಸೆಯನ್ನು ಸಂಪೂರ್ಣವಾಗಿ ತ್ಯಜಿಸುವುದು. ಸ್ಥಾವರ ಜೀವಗಳ ವಿಷಯದಲ್ಲಿ ಅವನಿಂದಾದಷ್ಟು ಕಡಿಮೆ ಮಾಡುವುದು. ಅಡಿಗೆ, ಬೇಸಾಯ, ಮನೆ ಕಟ್ಟುವುದು, ದೇಹರಕ್ಷಣೆ ಇವುಗಳಲ್ಲಿ ಆಗುವ ಹಿಂಸೆಯನ್ನು ಆರಂಭೀ, ಉದ್ಯೋಗೀ, ವಿರೋಧೀ ಎಂದು ಬೇರೆಯಾಗಿಯೇ ಎಣಿಸಿದ್ದಾರೆ. ಎದುರಿಗಿರುವ ಮಗು ಸಂಜ್ಞಿ ಪಂಚೇಂದ್ರಿಯ ಜೀವ. ಅದರ ಕಾಲು ಪೋಲಿಯೊದಿಂದ ಸೊರಗಿದರೆ, ದಡಾರದಿಂದ ಅದರ ಕಣ್ಣು ಹೋದರೆ, ಆ ಹಿಂಸೆಯನ್ನು ಎಲ್ಲಿ ಬರೆಯುವುದು?

ಲಸಿಕೆಯೆಂದರೆ ದೇಹದೊಳಗೆ ಸುರಿಯುವ ಕೀಟನಾಶಕವಲ್ಲ. ಸತ್ತ ಅಥವಾ ಶಕ್ತಿಗುಂದಿದ ರೋಗಾಣುವನ್ನೋ ಅದರ ಒಂದು ಅಂಶವನ್ನೋ ತೋರಿಸಿ, ದೇಹವು ತನ್ನ ಶತ್ರುವನ್ನು ಮೊದಲೇ ಗುರುತಿಸುವಂತೆ ಮಾಡುವ ಪಾಠ ಅದು. ದಡಾರ ಬಂದ ಮಗುವಿನ ದೇಹದಲ್ಲಿ ವೈರಸ್ಸು ಎಣಿಕೆಗೆ ನಿಲುಕದಷ್ಟು ಬೆಳೆದು, ಆಮೇಲೆ ಅದೇ ದೇಹದಿಂದ ನಾಶವಾಗುತ್ತದೆ. ಜೀವಗಳ ಲೆಕ್ಕವನ್ನೇ ಹಿಡಿಯುವವರು ಈ ಲೆಕ್ಕವನ್ನೂ ಹಿಡಿಯಬೇಕು.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದಕ್ಕೆ ಮೊದಲ ಸ್ಥಾನ ಕೊಟ್ಟಿದ್ದಾರೆ. ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅಮೃತಚಂದ್ರಾಚಾರ್ಯರು ಇದನ್ನು ಇನ್ನೂ ಬಿಡಿಸಿ, ಹೊರಗಿನ ಕ್ರಿಯೆಯಷ್ಟನ್ನೇ ನೋಡದೆ ಒಳಗಿನ ಭಾವವನ್ನು ನೋಡಬೇಕೆಂದು ತಿಳಿಸಿದ್ದಾರೆ. ತಡೆಯಬಹುದಾದ ರೋಗವನ್ನು ಆಲಸ್ಯದಿಂದಲೋ ಹಟದಿಂದಲೋ ತಡೆಯದಿರುವುದು ಪ್ರಮಾದವಲ್ಲದೆ ಮತ್ತೇನು?

ಇನ್ನೊಂದು ಮಾತು. ದಡಾರ ಹರಡದಂತಿರಲು ನೂರಕ್ಕೆ ಸುಮಾರು 95 ಮಂದಿಗೆ ರೋಗನಿರೋಧಕ ಶಕ್ತಿಯಿರಬೇಕೆಂದು ವೈದ್ಯರು ಹೇಳುತ್ತಾರೆ. ಲಸಿಕೆ ಹಾಕಿಸದ ಮನೆಯ ಮಗು ಇಂದು ಕ್ಷೇಮವಾಗಿದ್ದರೆ ಅದಕ್ಕೆ ಕಾರಣ ಆ ಮನೆಯ ವ್ರತವಲ್ಲ, ನೆರೆಮನೆಯವರು ಹಾಕಿಸಿದ ಲಸಿಕೆ. ಅಂದರೆ ಅದೇ ಲಸಿಕೆಯ ಹಿಂಸೆ ನೆರೆಯವರ ಖಾತೆಗೆ, ಲಾಭ ಮಾತ್ರ ನಮ್ಮ ಖಾತೆಗೆ. ನಾವು ವ್ಯಾಪಾರಸ್ಥರು, ಇಂತಹ ಲೆಕ್ಕಕ್ಕೆ ಏನೆನ್ನುತ್ತಾರೆಂದು ನಮಗೆ ಚೆನ್ನಾಗಿ ಗೊತ್ತು. ತೂಕದಲ್ಲಿ ಮೋಸಮಾಡುವುದನ್ನು ಅಚೌರ್ಯವ್ರತದ ಅತಿಚಾರವೆಂದು ಸೂತ್ರಕಾರರು ಎಣಿಸಿದ್ದಾರೆ. ಇದೂ ಅದರ ಹತ್ತಿರದ ಸಂಬಂಧಿಯೇ. ಇನ್ನೂ ಲಸಿಕೆ ಹಾಕುವ ವಯಸ್ಸಾಗದ ಹಸುಳೆಗಳು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ವೃದ್ಧರು ನಮ್ಮ ಬಸದಿಗಳಿಗೂ ಬರುತ್ತಾರೆ. ಬರಿಗಾಲಿನಲ್ಲಿ ವಿಹಾರಮಾಡುತ್ತ ಊರೂರಿನ ಜನರಿಗೆ ದರ್ಶನ ಕೊಡುವ ಮುನಿಗಳ ಬಳಿಗೆ ರೋಗವನ್ನು ಒಯ್ಯುವವರು ದರ್ಶನಕ್ಕೆ ಹೋಗುವ ನಾವೇ. ಅವರ ವೈಯಾವೃತ್ತ್ಯದ ಮೊದಲ ಹೆಜ್ಜೆ, ನಮ್ಮಿಂದ ಅವರಿಗೆ ರೋಗ ತಗುಲದಂತೆ ನೋಡಿಕೊಳ್ಳುವುದು.

ಪ್ರಾಣಿಜನ್ಯ ವಸ್ತು: ನಿಜವಾದ ಪ್ರಶ್ನೆ

ಈಗ ನಾಲ್ಕನೆಯ ಆಕ್ಷೇಪ. ಇದನ್ನು ಹಾರಿಸಿಬಿಡುವುದು ಪ್ರಾಮಾಣಿಕತೆಯಲ್ಲ. ಲಸಿಕೆಯ ಚರಿತ್ರೆಯಲ್ಲಿ ಪ್ರಾಣಿಹಿಂಸೆ ಇದೆ, ಬಹಳವಾಗಿ ಇದೆ.

ಬೆಳಗಾವಿಯಲ್ಲಿ 'ವ್ಯಾಕ್ಸಿನ್ ಡಿಪೊ' ಎಂದು ಹೆಸರಾದ ಮೈದಾನವನ್ನು ಆ ಭಾಗದ ವಾಚಕರೆಲ್ಲ ಬಲ್ಲರು. ಬ್ರಿಟಿಷರ ಕಾಲದಲ್ಲಿ ಅಲ್ಲಿ ಸಿಡುಬಿನ ಲಸಿಕೆ ತಯಾರಾಗುತ್ತಿತ್ತು; ಆ ಲಸಿಕೆಯನ್ನು ಬೆಳೆಸುತ್ತಿದ್ದುದು ಕರುಗಳ ಚರ್ಮದ ಮೇಲೆ. ಹುಚ್ಚುನಾಯಿ ಕಚ್ಚಿದವರಿಗೆ ಹೊಟ್ಟೆಯ ಸುತ್ತ ಕೊಡುತ್ತಿದ್ದ ಚುಚ್ಚುಮದ್ದುಗಳನ್ನು ಹಿರಿಯರು ಮರೆತಿರಲಾರರು. ಅದು ಕುರಿಗಳಿಗೆ ರೋಗವನ್ನು ತಗುಲಿಸಿ, ಅವುಗಳ ಮೆದುಳಿನಿಂದ ಮಾಡುತ್ತಿದ್ದ ಔಷಧ. 1950ರ ದಶಕದಲ್ಲಿ ಪೋಲಿಯೊ ಲಸಿಕೆಯ ತಯಾರಿಕೆ ಮತ್ತು ಪರೀಕ್ಷೆಗಾಗಿ ನಮ್ಮ ದೇಶದಿಂದ ಲಕ್ಷಾಂತರ ಕೋತಿಗಳನ್ನು ಹಡಗು ವಿಮಾನಗಳಲ್ಲಿ ತುಂಬಿ ಅಮೆರಿಕಕ್ಕೆ ಕಳುಹಿಸಲಾಯಿತು. 2021ರ ಜೂನ್ ತಿಂಗಳಲ್ಲಿ ಕೋವ್ಯಾಕ್ಸಿನ್ ಲಸಿಕೆಯ ಬಗ್ಗೆ ಗದ್ದಲವೆದ್ದಾಗ ಆರೋಗ್ಯ ಮಂತ್ರಾಲಯವು ಕೊಟ್ಟ ವಿವರಣೆಯೂ ನೆನಪಿರಬಹುದು: ಕರುವಿನ ರಕ್ತದ ಸೀರಮ್ಮನ್ನು ಜೀವಕೋಶಗಳನ್ನು ಬೆಳೆಸಲು ಮಾತ್ರ ಬಳಸಲಾಗುತ್ತದೆ, ಸಿದ್ಧವಾದ ಲಸಿಕೆಯಲ್ಲಿ ಅದು ಇರುವುದಿಲ್ಲ. ಬಾಯಿಗೆ ಬರದಿದ್ದರೆ ಸಾಕೆನ್ನುವವರಿಗೆ ಈ ಉತ್ತರ ಸಾಕು. ಕರು ಸತ್ತುದು ಹೌದೋ ಅಲ್ಲವೋ ಎಂದು ಕೇಳುವ ಜೈನನಿಗೆ ಸಾಲದು.

ಇಲ್ಲಿಯೇ ನಮ್ಮ ಧರ್ಮ ಇತರ ಧರ್ಮಗಳಿಗಿಂತ ಬೇರೆಯಾಗುತ್ತದೆ. ಅನಿವಾರ್ಯತೆಯು ನಿಷಿದ್ಧವನ್ನು ಸಮ್ಮತವಾಗಿಸುತ್ತದೆಂಬ ನಿಯಮ ಇತರರಲ್ಲಿದೆ. ನಮ್ಮಲ್ಲಿ ಅದಿಲ್ಲ. ಅನಿವಾರ್ಯವಾದ ಹಿಂಸೆಯೂ ಹಿಂಸೆಯೇ. ಅದು ಖಾತೆಯಲ್ಲಿ ಖರ್ಚಾಗಿಯೇ ನಮೂದಾಗುತ್ತದೆ. ಹಾಗೆಂದು ವ್ಯಾಪಾರಿಯು ಖರ್ಚಿಗೆ ಹೆದರಿ ಅಂಗಡಿಗೆ ಬೀಗ ಹಾಕುವುದಿಲ್ಲ. ಖರ್ಚನ್ನು ಬರೆದಿಟ್ಟು, ವರ್ಷದಿಂದ ವರ್ಷಕ್ಕೆ ಅದನ್ನು ಇಳಿಸುತ್ತಾನೆ. ಅಧಿಕ ಹಿಂಸೆಯನ್ನು ತಪ್ಪಿಸಲು ಅಲ್ಪ ಹಿಂಸೆ, ಆ ಅಲ್ಪವನ್ನೂ ಅಲ್ಪತರವಾಗಿಸುವ ನಿರಂತರ ಪ್ರಯತ್ನ: ಇದು ಗೃಹಸ್ಥಧರ್ಮ.

ನಮ್ಮ ಪೂರ್ವಿಕರು ಮಾಡಿದ್ದೂ ಇದನ್ನೇ. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯಾಚಾರ್ಯರು ಸಂಸ್ಕೃತದಲ್ಲಿ ಕಲ್ಯಾಣಕಾರಕವೆಂಬ ವೈದ್ಯಗ್ರಂಥವನ್ನು ರಚಿಸಿದರು. ಅಂದಿನ ವೈದ್ಯದಲ್ಲಿ ಮದ್ಯ, ಮಾಂಸ, ಮಧುಗಳ ಬಳಕೆ ಸಾಮಾನ್ಯವಾಗಿತ್ತು. ಅದಕ್ಕಾಗಿ ಆಚಾರ್ಯರು ವೈದ್ಯವನ್ನೇ ಬಹಿಷ್ಕರಿಸಿ ರೋಗಿಗಳನ್ನು ಸಾಯಲು ಬಿಡಲಿಲ್ಲ. ಆ ಮೂರೂ ಇಲ್ಲದ ಔಷಧಗಳನ್ನು ಹುಡುಕಿ ಗ್ರಂಥ ಮಾಡಿದರು. ನೃಪತುಂಗನ ಸಭೆಯಲ್ಲಿ ವೈದ್ಯರ ಮುಂದೆ ಮಾಂಸಭಕ್ಷಣದ ನಿರಾಕರಣೆಯನ್ನು ವಾದಿಸಿದರೆಂದು ಗ್ರಂಥದ ಕೊನೆಯ ಹಿತಾಹಿತ ಪ್ರಕರಣದಿಂದ ತಿಳಿಯುತ್ತದೆ. ಮುಂದೆ ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದಾಗಲೂ ಇದೇ ನಿಯಮವನ್ನು ಪಾಲಿಸಿದನು. ಕೀರ್ತಿವರ್ಮನು ಗೋವೈದ್ಯವನ್ನೂ, ಮಂಗರಾಜನು ವಿಷವೈದ್ಯದ ಖಗೇಂದ್ರಮಣಿದರ್ಪಣವನ್ನೂ ಕನ್ನಡದಲ್ಲಿ ಬರೆದರು. ಕನ್ನಡ ನಾಡಿನ ಜೈನ ಪರಂಪರೆ ಔಷಧವನ್ನು ಬಿಟ್ಟ ಪರಂಪರೆಯಲ್ಲ, ಔಷಧವನ್ನು ಶುದ್ಧಗೊಳಿಸಿದ ಪರಂಪರೆ. ಆಹಾರ, ಅಭಯ, ಶಾಸ್ತ್ರಗಳ ಜೊತೆಗೆ ಔಷಧವನ್ನೂ ಚತುರ್ವಿಧ ದಾನಗಳಲ್ಲಿ ಸೇರಿಸಿದ ಧರ್ಮ ನಮ್ಮದು.

ಮತ್ತು ಖರ್ಚು ಇಳಿಯುತ್ತಿದೆ ಎಂಬುದನ್ನೂ ಹೇಳಬೇಕು. ಕುರಿಯ ಮೆದುಳಿನ ಲಸಿಕೆಯ ತಯಾರಿಕೆ ನಮ್ಮ ದೇಶದಲ್ಲಿ 2005ರ ಹೊತ್ತಿಗೆ ನಿಂತಿತು. ಅದರ ಜಾಗಕ್ಕೆ ಪ್ರಯೋಗಶಾಲೆಯ ಜೀವಕೋಶಗಳಲ್ಲಿ ಬೆಳೆಸಿದ ಲಸಿಕೆ ಬಂದಿತು. ಕೋತಿಗಳ ರಫ್ತನ್ನು ಭಾರತ 1978ರಲ್ಲಿ ನಿಷೇಧಿಸಿತು. ಇಂದು ಪೋಲಿಯೊ, ರೇಬೀಸ್ ಲಸಿಕೆಗಳಿಗೆ ಬಳಸುವ ವೆರೊ ಎಂಬ ಜೀವಕೋಶಗಳು 1962ರಲ್ಲಿ ಜಪಾನಿನಲ್ಲಿ ಒಂದು ಕೋತಿಯ ಮೂತ್ರಪಿಂಡದಿಂದ ತೆಗೆದವು. ಅಂದಿನಿಂದ ಅವು ಬೆಳೆಯುತ್ತಲೇ ಇವೆ. ಲಕ್ಷಾಂತರ ಕೋತಿಗಳ ಜಾಗದಲ್ಲಿ ಒಂದು. ಹೆಪಟೈಟಿಸ್-ಬಿ ಲಸಿಕೆ 1980ರ ದಶಕದಿಂದ ಯೀಸ್ಟಿನಲ್ಲಿಯೇ ತಯಾರಾಗುತ್ತಿದೆ. ಹೈದರಾಬಾದಿನ ಕೋರ್ಬಿವ್ಯಾಕ್ಸ್ ಎಂಬ ಕೋವಿಡ್ ಲಸಿಕೆಯದೂ ಇದೇ ವಿಧಾನ. ಚುಚ್ಚುಮದ್ದುಗಳ ಶುದ್ಧಿಯನ್ನು ಪರೀಕ್ಷಿಸಲು ಸಮುದ್ರದ ಒಂದು ಜಾತಿಯ ಏಡಿಯ ರಕ್ತವನ್ನು ತೆಗೆಯುತ್ತಾರೆ. ಅದಕ್ಕೆ ಬದಲಿಯಾದ ಕೃತಕ ವಸ್ತುವನ್ನು ಯುರೋಪಿನ ಔಷಧಸಂಹಿತೆ 2021ರಿಂದ ಒಪ್ಪಿದೆ. ಹೊಸ ಔಷಧಗಳಿಗೆ ಪ್ರಾಣಿಪರೀಕ್ಷೆ ಆಗಲೇಬೇಕೆಂಬ ನಿಯಮವನ್ನು ಅಮೆರಿಕ 2022ರ ಕೊನೆಯಲ್ಲಿ ಸಡಿಲಿಸಿತು. ಬದಲಿ ವಿಧಾನಗಳಿಗೆ ಭಾರತವೂ 2023ರಲ್ಲಿ ಅವಕಾಶ ಕೊಟ್ಟಿತು. ಇವುಗಳಲ್ಲಿ ಒಂದಾದರೂ ಲಸಿಕೆಯನ್ನು ನಿರಾಕರಿಸಿ ಮನೆಯಲ್ಲಿ ಕುಳಿತವರಿಂದ ಆದುದಲ್ಲ.

ಲಸಿಕೆಯಿಂದ ಬದುಕಿದುದು ಮನುಷ್ಯ ಮಾತ್ರವೂ ಅಲ್ಲ. ದನಗಳ ಮಹಾಮಾರಿಯಾಗಿದ್ದ ರಿಂಡರ್‌ಪೆಸ್ಟ್ ರೋಗವು ಲಸಿಕೆಯ ಬಲದಿಂದ ಭೂಮಿಯ ಮೇಲಿಂದಲೇ ಅಳಿಯಿತೆಂದು 2011ರಲ್ಲಿ ಘೋಷಿಸಲಾಯಿತು. ಮೊದಲು ಬೀದಿನಾಯಿಗಳನ್ನು ಹಿಡಿದು ಕೊಲ್ಲುವುದೇ ರೇಬೀಸಿಗೆ ಪರಿಹಾರವಾಗಿತ್ತು. 2001ರ ನಿಯಮಗಳು ಬಂದ ಮೇಲೆ ಸಂತಾನಹರಣ ಮತ್ತು ಲಸಿಕೆ ಆ ಜಾಗಕ್ಕೆ ಬಂದವು. ನಾಯಿಗೆ ಹಾಕುವ ಲಸಿಕೆ ನಾಯಿಗೆ ಕೊಟ್ಟ ಅಭಯದಾನ. 2022ರಲ್ಲಿ ದನಗಳಿಗೆ ಚರ್ಮಗಂಟು ರೋಗ ಹರಡಿದಾಗ ಗೋಶಾಲೆಗಳವರು ಲಸಿಕೆಗಾಗಿ ಪಶುವೈದ್ಯರ ಬಾಗಿಲು ಬಡಿದರು. ಆಗ ಯಾರೂ ಸೂಕ್ಷ್ಮಜೀವಿಗಳ ಮಾತೆತ್ತಲಿಲ್ಲ. ಹಸುವಿಗೆ ಸಮ್ಮತವಾದುದು ಹಸುಗೂಸಿಗೆ ಅಧರ್ಮವಾಗುವುದು ಹೇಗೆ?

ಲಸಿಕೆಯಿಂದ ಎಂದೂ ಕೇಡಾಗಿಲ್ಲವೆಂದು ಹೇಳುತ್ತಿಲ್ಲ. 1955ರಲ್ಲಿ ಅಮೆರಿಕದ ಕಟರ್ ಎಂಬ ಕಂಪೆನಿಯ ಪೋಲಿಯೊ ಲಸಿಕೆಯಲ್ಲಿ ಜೀವಂತ ವೈರಸ್ಸು ಉಳಿದು ಮಕ್ಕಳಿಗೆ ರೋಗ ತಗುಲಿತು, 10 ಮಂದಿ ಸತ್ತರು. ಇಂದೂ ಅಪರೂಪವಾಗಿ ಒಬ್ಬಿಬ್ಬರಿಗೆ ತೀವ್ರ ತೊಂದರೆಯಾಗುತ್ತದೆ. ಅಂತಹವರಿಗೆ ಪರಿಹಾರ ಮತ್ತು ನ್ಯಾಯ ಸಿಗಬೇಕು. ಕಂಪೆನಿಗಳ ಲಾಭಕೋರತನವನ್ನು ಪ್ರಶ್ನಿಸಲೇಬೇಕು. ಆದರೆ 1963ರಲ್ಲಿ ಲಸಿಕೆ ಬರುವ ಮೊದಲು ದಡಾರವೊಂದರಿಂದಲೇ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 26 ಲಕ್ಷ ಮಂದಿ ಸಾಯುತ್ತಿದ್ದರೆಂಬ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಒಂದು ಪುಟವನ್ನು ಮಾತ್ರ ತೋರಿಸುವ ಲೆಕ್ಕವನ್ನು ಯಾವ ಲೆಕ್ಕಪರಿಶೋಧಕನೂ ಒಪ್ಪುವುದಿಲ್ಲ.

ಸಮಾಜದ ಮುಂದಿನ ಕರ್ತವ್ಯ

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ಪ್ರತಿಯೊಂದು ಶ್ರಾವಕ ಕುಟುಂಬವೂ ತನ್ನ ಮಕ್ಕಳ ಲಸಿಕೆಗಳನ್ನು ಕಾಲಕಾಲಕ್ಕೆ ಪೂರ್ಣವಾಗಿ ಹಾಕಿಸಬೇಕು. ಎರಡನೆಯದಾಗಿ, ಒಂದೇ ರೋಗಕ್ಕೆ ಎರಡು ಲಸಿಕೆಗಳಿದ್ದು ಎರಡೂ ಸಮಾನವಾಗಿ ಪರಿಣಾಮಕಾರಿಯೆಂದು ವೈದ್ಯರು ಹೇಳಿದರೆ, ಕಡಿಮೆ ಹಿಂಸೆಯಿಂದ ತಯಾರಾದುದನ್ನು ಕೇಳಿ ಪಡೆಯಬೇಕು. ಕೇಳುವ ಗಿರಾಕಿ ಇದ್ದರೆ ಮಾಲು ತಾನಾಗಿ ಬರುತ್ತದೆಂಬುದು ಅಂಗಡಿಯ ನಿಯಮ. ಮೂರನೆಯದಾಗಿ, ಮಠಗಳು, ಟ್ರಸ್ಟುಗಳು, ಸಂಘಗಳು ಪ್ರಾಣಿರಹಿತವಾದ ಲಸಿಕೆ ಮತ್ತು ಪರೀಕ್ಷಾವಿಧಾನಗಳ ಸಂಶೋಧನೆಗೆ ಧನಸಹಾಯ ಮಾಡಬೇಕು. ಪಂಚಕಲ್ಯಾಣ ಮಹೋತ್ಸವಗಳಲ್ಲಿ ಒಂದು ಕಲಶದ ಸವಾಲು ಲಕ್ಷಗಟ್ಟಲೆಗೆ ಏರುವುದನ್ನು ನಾವು ಅಭಿಮಾನದಿಂದ ನೋಡುತ್ತೇವೆ. ಅದರ ಒಂದಂಶವನ್ನು ನಮ್ಮ ಕಾಲದ ಉಗ್ರಾದಿತ್ಯರಿಗೆ, ಪ್ರಯೋಗಶಾಲೆಯಲ್ಲಿ ಕುಳಿತು ಕರುವಿನ ಸೀರಮ್ಮಿಗೆ ಬದಲಿ ಹುಡುಕುತ್ತಿರುವ ತರುಣ ವಿಜ್ಞಾನಿಗಳಿಗೆ, ಔಷಧದಾನವೆಂದು ಕೊಡಲು ಏನು ಅಡ್ಡಿ? ಅವರಲ್ಲಿ ನಮ್ಮ ಸಮಾಜದ ಮಕ್ಕಳೂ ಇದ್ದಾರು.

ಲಸಿಕೆ ಬೇಡವೆನ್ನುವುದಕ್ಕೆ ಖರ್ಚಿಲ್ಲ, ಶ್ರಮವಿಲ್ಲ. ಅದರಿಂದ ಒಂದು ಕರುವೂ ಉಳಿಯಲಿಲ್ಲ, ಒಂದು ಕೋತಿಯೂ ಬಿಡುಗಡೆಯಾಗಲಿಲ್ಲ. ಕೆಲವು ಮಕ್ಕಳು ಮಾತ್ರ ಅಪಾಯಕ್ಕೆ ಸಿಕ್ಕಿದವು. ಲಸಿಕೆ ಹಾಕಿಸಿ, ಅದರಲ್ಲಿರುವ ಹಿಂಸೆಯ ಸಾಲವನ್ನು ಒಪ್ಪಿಕೊಂಡು, ಆ ಸಾಲವನ್ನು ತೀರಿಸಲು ಕೈಯಿಂದ ಹಣವನ್ನೂ ಶ್ರಮವನ್ನೂ ಕೊಡುವುದು ಕಷ್ಟ. ಶ್ರಾವಕಧರ್ಮವು ಸುಲಭವಾದುದೆಂದು ನಮ್ಮ ಆಚಾರ್ಯರು ಎಲ್ಲಿಯೂ ಹೇಳಿಲ್ಲ.